ಕ್ಲಚ್ ಹಿಡಿದರೆ ನಿಲ್ಲುವ ಕಟಕಟ ಸದ್ದು: ಪ್ಲೇಟ್ ಬದಲಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಪುಣೆಯಲ್ಲಿ ಓಡಿಸುವ 150 ಸಿಸಿ ಬೈಕು. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡಿ ನಿಂತರೆ ಎಂಜಿನ್ ಬಲಗಡೆ ಕಟಕಟ ಅನ್ನುತ್ತದೆ, ಕ್ಲಚ್ ಹಿಡಿದರೆ ನಿಲ್ಲುತ್ತದೆ. ಓಡುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟರೆ ಹಿಂದಿನಿಂದ ಒಂದು ‘ಟಕ್’. ಗ್ಯಾರೇಜಿನವರು ಮರಾಠಿಯಲ್ಲಿ ‘ಕ್ಲಚ್ ಪ್ಲೇಟ್ ಗೇಲಿ’, ಅಂದರೆ ಪ್ಲೇಟ್ ಹೋಗಿದೆ, ಅಂದಿದ್ದಾರೆ. ಹಾಕಿಸಬೇಕಾ?

ಈಗಲೇ ಬೇಡ. ಪ್ಲೇಟ್ ಸವೆದರೆ ಸದ್ದು ಮಾಡುವುದಿಲ್ಲ, ಜಾರುತ್ತದೆ. ಕಾತ್ರಜ್ ಹಳೇ ಘಾಟ್ ಹತ್ತುವಾಗ ನಾಲ್ಕನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ನೋಡಿ. ಎಂಜಿನ್ ಕೂಗು ಸರ್ರನೆ ಏರಿ ಬೈಕು ಮಾತ್ರ ಹಾಗೇ ಇದ್ದರೆ ಪ್ಲೇಟ್ ಜಾರುತ್ತಿದೆ. ಆದರೂ ಮೊದಲು ಲಿವರ್ ನೋಡಿ. ಅದರ ತುದಿಯಲ್ಲಿ ಸ್ವಲ್ಪ ಸಡಿಲ ಇರಲೇಬೇಕು, ಹೆಚ್ಚಿನ ಬೈಕುಗಳಲ್ಲಿ 10ರಿಂದ 20 ಮಿಮೀ. ಕೇಬಲ್ ತೀರಾ ಬಿಗಿಯಾಗಿದ್ದರೆ ಹೊಸ ಪ್ಲೇಟ್ ಕೂಡ ಜಾರುತ್ತದೆ. ಆಯಿಲ್ ಡಬ್ಬಿ ಮೇಲೆ ಜಾಸೋ ಎಂಎ ಅಥವಾ ಎಂಎ2 (JASO MA, MA2, ಗೇರ್ ಬೈಕಿನ ಆಯಿಲ್‌ನ ಗುರುತು) ಅಂತ ಇದೆಯಾ ಅಂತಲೂ ನೋಡಿ. ಎಂಬಿ ಅನ್ನುವುದು ಗೇರ್ ಇಲ್ಲದ ಸ್ಕೂಟರಿನದು. ನಿಮ್ಮ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದಲ್ಲ, ಆ ಆಯಿಲ್ ಹಾಕಿದರೆ ಪ್ಲೇಟ್ ಹಿಡಿತ ಕಳೆದುಕೊಳ್ಳಬಹುದು.

ಈಗ ಕಟಕಟದ ವಿಷಯ. ನಾನು ಭೋಸರಿಯಲ್ಲಿ ಗೇರ್ ಕಟಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಅಲ್ಲಿ ಸದ್ದು ಬಂದರೆ ನಾವು ಮೊದಲು ಕೇಳುವುದು ಒಂದೇ: ಈ ಹೊತ್ತಿನಲ್ಲಿ ಏನೇನು ತಿರುಗುತ್ತಿದೆ? ಬೈಕಿಗೂ ಅದನ್ನೇ ಕೇಳಿ. ಕ್ಲಚ್ ಹೌಸಿಂಗ್, ಅಂದರೆ ಪ್ಲೇಟ್‌ಗಳನ್ನು ಹಿಡಿದಿರುವ ಹೊರಗಿನ ಬಟ್ಟಲು, ಕ್ರ್ಯಾಂಕ್‌ನ, ಅಂದರೆ ಪಿಸ್ಟನ್ ತಿರುಗಿಸುವ ಶಾಫ್ಟಿನ, ಗೇರಿಗೆ ಕಚ್ಚಿಕೊಂಡಿರುತ್ತದೆ. ಎಂಜಿನ್ ಓಡುವಷ್ಟು ಹೊತ್ತೂ ಅದು ತಿರುಗುತ್ತದೆ, ಲಿವರ್ ಹಿಡಿಯಿರಿ, ಬಿಡಿ. ಪ್ಲೇಟ್‌ಗಳ ಆಚೆಗಿರುವ ಗೇರ್‌ಬಾಕ್ಸ್ ಶಾಫ್ಟ್ ಹಾಗಲ್ಲ. ನ್ಯೂಟ್ರಲ್‌ನಲ್ಲಿ ಲಿವರ್ ಬಿಟ್ಟಿದ್ದರೆ ತಿರುಗುತ್ತದೆ, ಹಿಡಿದರೆ ನಿಲ್ಲುತ್ತದೆ ಅಥವಾ ನಿಧಾನವಾಗುತ್ತದೆ. ಹಿಡಿದಾಗ ಸದ್ದು ನಿಲ್ಲುತ್ತದೆ ಅಂದರೆ ಅನುಮಾನ ಆ ಶಾಫ್ಟಿನ ಬೇರಿಂಗ್ ಮತ್ತು ಗೇರುಗಳ ಮೇಲೆ. ಹೌಸಿಂಗ್ ಮೇಲೂ ಇದೆ, ಯಾಕೆಂದರೆ ಲಿವರ್ ಒತ್ತಡಕ್ಕೆ ಅದರ ಅಲುಗಾಟವೂ ಸ್ವಲ್ಪ ಅಡಗುತ್ತದೆ. ನಿಮಗೆ ತದ್ವಿರುದ್ಧವಾಗಿ, ಹಿಡಿದಾಗ ಮಾತ್ರ ಸದ್ದು ಬರುತ್ತಿದ್ದರೆ ರಿಲೀಸ್ ಬೇರಿಂಗ್ (ಲಿವರ್ ಹಿಡಿದಾಗ ಕ್ಲಚ್ ಬಿಡಿಸುವ ಬೇರಿಂಗ್) ನೋಡಿ ಅನ್ನುತ್ತಿದ್ದೆ.

ಇದರಲ್ಲಿ ಎಲ್ಲವೂ ಕಾಯಿಲೆಯಲ್ಲ. ಗೇರಿನ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಬಿಟ್ಟೇ ಮಾಡುತ್ತೇವೆ, ಇಲ್ಲದಿದ್ದರೆ ಬಿಸಿಯಾದಾಗ ಬಿಗಿದುಕೊಳ್ಳುತ್ತವೆ. ಒಂದೇ ಸಿಲಿಂಡರಿನ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಉರಿದು ತಳ್ಳುತ್ತದೆ. ಹಾಗಾಗಿ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಕೊಡದೆ ನಿಂತಾಗಿನ ಎಂಜಿನ್ ವೇಗ, ಕಡಿಮೆಯಿದ್ದರೆ ಹಲ್ಲುಗಳು ಹಿಂದೆ ಮುಂದೆ ಬಡಿದುಕೊಳ್ಳುತ್ತವೆ. ಕಾರ್ಬುರೇಟರ್ ಬೈಕಾದರೆ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಮ್ಯಾನುಯಲ್‌ನಲ್ಲಿ ಹೇಳಿದಷ್ಟಕ್ಕೆ ತನ್ನಿ. ಆಗ ಸದ್ದು ಮಾಯವಾದರೆ ಸುಮ್ನೆ ಓಡಿಸಿ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ನಿಯಮ) ಬೈಕುಗಳಲ್ಲಿ ಬಹುತೇಕ ಕಾರ್ಬುರೇಟರ್ ಬದಲು ಫ್ಯುಯಲ್ ಇಂಜೆಕ್ಷನ್ ಇರುತ್ತದೆ, ಅಲ್ಲಿ ಸ್ಕ್ರೂ ತಿರುಗಿಸುವ ಆಟ ಇಲ್ಲ.

ಹೋಗದಿದ್ದರೆ ಬಲಗಡೆ ಕವರ್ ತೆಗೆಸಬೇಕು, ನೀವು ಪಕ್ಕದಲ್ಲೇ ನಿಂತಿರಿ. ಹೌಸಿಂಗ್ ಹಿಡಿದು, ಅದರ ಹಿಂದಿನ ದೊಡ್ಡ ಗೇರನ್ನು ತಿರುಗಿಸಿ ನೋಡಲು ಹೇಳಿ. ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಇರುತ್ತದೆ. ಅದು ಸತ್ತಿದ್ದರೆ ಗೇರ್ ಲೊಡಲೊಡ ಅನ್ನುತ್ತದೆ. ಸಾಮಾನ್ಯವಾಗಿ ರಿವೆಟ್ ಹೊಡೆದಿರುವುದರಿಂದ ಹೌಸಿಂಗ್ ಇಡಿಯಾಗಿಯೇ ಹಾಕಬೇಕಾಗುತ್ತದೆ. ಹೌಸಿಂಗಿನ ಬೆರಳುಗಳಲ್ಲಿ, ಅಂದರೆ ಪ್ಲೇಟ್ ಕೂರುವ ಸಂದುಗಳ ಅಂಚಿನಲ್ಲಿ, ಪ್ಲೇಟ್ ಬಡಿದು ಕಚ್ಚು ಬಿದ್ದಿದೆಯಾ ಅಂತಲೂ ನೋಡಿ. ಹಿಂಜವಡಿ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್‌ನಲ್ಲೇ ಜೀವನ ಕಳೆದ ಬೈಕುಗಳಲ್ಲಿ ಇದು ಕಂಡರೆ ಆಶ್ಚರ್ಯವಿಲ್ಲ. ಕಚ್ಚು ಆಳವಾಗಿದ್ದರೆ ಪ್ಲೇಟ್ ಸಲೀಸಾಗಿ ಸರಿಯುವುದಿಲ್ಲ, ಬೈಕು ಜಗ್ಗಿ ಜಗ್ಗಿ ಹೊರಡುತ್ತದೆ. ಆ ಹೌಸಿಂಗಿಗೆ ಹೊಸ ಪ್ಲೇಟ್ ಹಾಕಿದರೂ ಜಗ್ಗುವುದು ತಪ್ಪುವುದಿಲ್ಲ, ದುಡ್ಡು ದಂಡ.

ಹಿಂದಿನ ‘ಟಕ್’ ಬೇರೆಯದೇ ಕತೆ, ಇದರ ಜೊತೆ ಸೇರಿಸಬೇಡಿ. ಎಂಜಿನ್ ಆಫ್ ಮಾಡಿ ಮೇನ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಚಕ್ರ ಕೈಯಿಂದ ತಿರುಗಿಸುತ್ತಾ ಚೈನಿನ ಸಡಿಲ ನಾಲ್ಕಾರು ಕಡೆ ನೋಡಿ. ಎಷ್ಟಿರಬೇಕು ಅನ್ನುವುದು ಮ್ಯಾನುಯಲ್‌ನಲ್ಲಿದೆ, ಈ ಗಾತ್ರದ ಬೈಕಿಗೆ ಸಾಮಾನ್ಯವಾಗಿ 20ರಿಂದ 30 ಮಿಮೀ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಅಂದರೆ ಚೈನ್ ಮುಗಿಯಿತು. ಪುಣೆಯ ಮಳೆಗಾಲದಲ್ಲಿ ಎಣ್ಣೆ ಕಾಣದ ಚೈನಿಗೆ ಹೀಗಾಗುವುದು ಮಾಮೂಲು. ಚೈನ್, ಅದು ಕೂರುವ ಎರಡೂ ಹಲ್ಲಿನ ಚಕ್ರ (ಸ್ಪ್ರಾಕೆಟ್) ಒಟ್ಟಿಗೇ ಹಾಕಿಸಿ.

ಚೈನ್ ಸರಿಯಿದ್ದರೆ ಬೈಕನ್ನು ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಸ್ಪ್ರಾಕೆಟ್ ನಿಂತೇ ಇದ್ದು ಚಕ್ರ ಮಾತ್ರ ಬಹಳ ಆಡಿದರೆ ಅವೆರಡರ ನಡುವಿನ ಡ್ರಮ್ ರಬ್ಬರ್ ಹೋಗಿದೆ. ನನಗೆ ಇದರ ಮೇಲೇ ಜಾಸ್ತಿ ಅನುಮಾನ. ಕಡಿಮೆ ಬೆಲೆಯ ಸಾಮಾನು, ಪುಣೆಯ ‘ನಾನಾ ಪೇಠ್’ ಬಡಾವಣೆಯ ಸ್ಪೇರ್ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದೇ ಹೆಸರಿನ ಬೈಕಿಗೂ ವರ್ಷಕ್ಕೊಂದು ಅಳತೆ ಇರಬಹುದು.