ಸ್ವಿಫ್ಟ್‌ಗೆ 16 ಇಂಚಿನ ಅಲಾಯ್ ಹಾಕಿಸಬೇಕು, 195/55 ಟೈರ್ ತಗೊಳ್ಳಲಾ, 205/55 ತಗೊಳ್ಳಲಾ?

ನಿಮ್ಮದು ಸ್ವಿಫ್ಟ್‌ನ ವಿಎಕ್ಸ್‌ಐ ಮಾಡೆಲ್, ಈಗಿರೋದು 14 ಇಂಚಿನ ಸ್ಟೀಲ್ ರಿಮ್. ಟೈರಿನ ಒಟ್ಟು ಎತ್ತರ ಶೇ 3ರೊಳಗೆ ಹೆಚ್ಚುಕಡಿಮೆ ಆದರೆ ಪರವಾಗಿಲ್ಲ ಅಂತ ನಿಮಗೆ ಯಾರೋ ಹೇಳಿದ್ದಾರೆ. ನನಗೂ ಹೇಳಿದ್ದರು. ಅದನ್ನು ನಂಬಿ ನಾನು ಸೀದಾ 17 ಇಂಚಿಗೆ ಹೋದೆ.

ನನ್ನದೂ ವಿಎಕ್ಸ್‌ಐ. ಕಂಪನಿ ಟೈರ್ 165/80 ಆರ್14. ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ ಗೋಡೆಗೆ ನೇತುಹಾಕಿದ್ದ ಕಪ್ಪು ರಿಮ್ ಕಣ್ಣಿಗೆ ಬಿತ್ತು. ಚೌಕಾಸಿ ಮಾಡಿದೆ, ಇಳಿಸಿದರು, ತಗೊಂಡೆ. ಆಮೇಲೆ ಅದಕ್ಕೆ ಕೂರುವ ಟೈರ್ ಹುಡುಕಿದೆ. 205/45 ಆರ್17 ಸಿಕ್ಕಿತು. ಲೆಕ್ಕ ಹಾಕದೆ ತಗೊಂಡವನಲ್ಲ ನಾನು. ಹಳೆ ಟೈರ್ ರಿಮ್ ಸೇರಿ ಸುಮಾರು 620 ಮಿ.ಮೀ., ಹೊಸದು 616. ಶೇ 1 ಕೂಡ ವ್ಯತ್ಯಾಸ ಇಲ್ಲ. ಸ್ಪೀಡೋಮೀಟರ್ ತಪ್ಪು ತೋರಿಸಲ್ಲ, ಮಡ್‌ಗಾರ್ಡ್‌ಗೆ ತಾಗಲ್ಲ, ಇನ್ನೇನು ಬೇಕು ಅಂದುಕೊಂಡೆ.

ಎಲ್ಲಿ ಎಡವಿದೆ ಅಂತ ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 165/80 ಅಂದರೆ ಟೈರಿನ ಅಗಲ 165 ಮಿ.ಮೀ., ಆ ಅಗಲದ ಶೇ 80 ಪಕ್ಕದ ಗೋಡೆಯ ಎತ್ತರ. ಅಂದರೆ 132 ಮಿ.ಮೀ. ಇನ್ನು 205ರ ಶೇ 45 ಎಷ್ಟು? 92. ಒಟ್ಟು ಎತ್ತರ ಅಷ್ಟೇ ಉಳಿಯಿತು ನಿಜ. ಆದರೆ ರಿಮ್ಮಿಗೂ ರಸ್ತೆಗೂ ನಡುವೆ ಇದ್ದ ರಬ್ಬರಿನಲ್ಲಿ 40 ಮಿ.ಮೀ. ಹೋಯಿತು, ಆ ಜಾಗಕ್ಕೆ ಲೋಹ ಬಂದು ಕೂತಿತು. ಚಕ್ರ ಗುಂಡಿಗೆ ಬಿದ್ದಾಗ ಗುಂಡಿಯ ಅಂಚು ಟೈರನ್ನು ರಿಮ್ಮಿನ ಅಂಚಿಗೆ ಒತ್ತುತ್ತದೆ. ಗೋಡೆ ಎತ್ತರ ಇದ್ದರೆ ಬಗ್ಗಿ ಏಟು ತಡೆದುಕೊಳ್ಳುತ್ತದೆ. ಗಿಡ್ಡ ಗೋಡೆಗೆ ಬಗ್ಗೋಕೆ ಜಾಗವೇ ಇರಲ್ಲ. ಎರಡು ಅಂಚುಗಳ ನಡುವೆ ಸಿಕ್ಕಿ ಒಳಗಿನ ದಾರಗಳು ತುಂಡಾಗುತ್ತವೆ. ದಾರ ತುಂಡಾದ ಕಡೆ ಗಾಳಿ ಹೊರಗೆ ತಳ್ಳಿ ಟೈರ್ ಉಬ್ಬುತ್ತದೆ. ಅದಕ್ಕೆ ಪಂಕ್ಚರ್ ಹಾಕೋಕಾಗಲ್ಲ, ಟೈರ್ ಎಸೆಯೋದೇ. ಶೇ 3ರ ಸೂತ್ರದಲ್ಲಿ ಇದು ಯಾವುದೂ ಕಾಣಲ್ಲ. ನಾನು 616 ನೋಡಿದೆ, 92 ನೋಡಲಿಲ್ಲ.

ಬೆಂಗಳೂರಿನಲ್ಲಿ ಹೇಗೋ ನಡೆಯಿತು. ಹಂಪ್ ಹತ್ತಿಸಿದಾಗೆಲ್ಲ ಸೊಂಟಕ್ಕೆ ಗೊತ್ತಾಗುತ್ತಿತ್ತು, ಆದರೂ ಗಾಡಿ ಚೆಂದ ಕಾಣ್ತಿತ್ತಲ್ಲ, ತೆಪ್ಪಗಿದ್ದೆ. ಮಳೆಗಾಲದಲ್ಲಿ ಅಮ್ಮ, ಹೆಂಡತಿ, ಡಿಕ್ಕಿ ತುಂಬ ಲಗೇಜು ಹಾಕಿಕೊಂಡು ಪುತ್ತೂರಿಗೆ ಹೊರಟೆ. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ರಸ್ತೆ ಮೇಲೆ ನೀರು ನಿಂತಿತ್ತು. ಕೆಳಗೆ ಗುಂಡಿ ಇದೆ ಅಂತ ಗೊತ್ತಾಗಲೇ ಇಲ್ಲ. ಎಡಗಡೆಯ ಮುಂದಿನ ಚಕ್ರ ಬಿತ್ತು, ಹಿಂದಿನದೂ ಬಿತ್ತು. ಮುಂದಿನ ಟೈರ್ ಪಕ್ಕದಲ್ಲಿ ಸೀಳಿತ್ತು, ರಿಮ್ ಬೆಂಡ್. ಹಿಂದಿನದಕ್ಕೆ ನಿಂಬೆಹಣ್ಣಿನಷ್ಟು ಉಬ್ಬು. ಹಾಳಾಗಿದ್ದು ಎರಡು, ಸ್ಟೆಪ್ನಿ ಇರೋದು ಒಂದು. "ಹಳೇ ಚಕ್ರಕ್ಕೆ ಏನಾಗಿತ್ತು ಮಾರಾಯ?" ಅಂದರು ಅಮ್ಮ. ಉತ್ತರ ಕೊಡಲಿಲ್ಲ.

ಸ್ಟೆಪ್ನಿ ಹಾಕಿ, ಉಬ್ಬಿದ ಟೈರಿನಲ್ಲೇ ತೆವಳಿಕೊಂಡು ಸಕಲೇಶಪುರಕ್ಕೆ ವಾಪಸ್ ಬಂದೆವು. ಟೈರ್ ಅಂಗಡಿಯವರು ಸೈಜ್ ಓದಿ ನಕ್ಕರು. "165/80 ಎಷ್ಟು ಬೇಕು ಸಾರ್? 185/65 ಕೂಡ ಇದೆ. ಇದು ಬೆಂಗಳೂರಿಂದಲೇ ಬರಬೇಕು. ಹಾಸನದಲ್ಲೂ ಡೌಟು." ಅಮ್ಮನನ್ನೂ ಹೆಂಡತಿಯನ್ನೂ ಬಸ್ ಹತ್ತಿಸಿ ನಾನು ಲಾಡ್ಜಿನಲ್ಲಿ ಉಳಿದೆ. ಟೈರ್ ಮಾರನೇ ದಿನ ಪಾರ್ಸೆಲ್‌ನಲ್ಲಿ ಬಂತು. ಬೆಂಗಳೂರಿಗೆ ಮರಳಿದ ಮೇಲೆ ಇಡೀ ಸೆಟ್ ಸಿಕ್ಕ ರೇಟಿಗೆ ಮಾರಿದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಿರುಗುಮುರುಗಾಗಿದೆ ಅಂತೀನಿ. ರಿಮ್ ಆರಿಸಿಕೊಂಡು ಆಮೇಲೆ ಟೈರ್ ಹುಡುಕೋದಲ್ಲ. ನೀವು ಓಡಾಡುವ ರಸ್ತೆಗೆ ಪಕ್ಕದ ಗೋಡೆ ಎಷ್ಟು ಬೇಕು, ದಾರಿಯ ಊರುಗಳಲ್ಲಿ ಯಾವ ಸೈಜ್ ಸಿಗುತ್ತದೆ ಅಂತ ಮೊದಲು ನೋಡಿ, ಅದಕ್ಕೆ ರಿಮ್ ತಗೊಳ್ಳಿ. ನಿಮ್ಮ ಗಾಡಿಗೆ ಉತ್ತರ ಕಂಪನಿಯವರೇ ಕೊಟ್ಟಿದ್ದಾರೆ. ಸ್ವಿಫ್ಟ್‌ನದೇ ಮೇಲಿನ ಮಾಡೆಲ್ ಜೆಡ್‌ಎಕ್ಸ್‌ಐಗೆ ಬರೋದು 185/65 ಆರ್15. ಒಟ್ಟು ಎತ್ತರ ಸುಮಾರು 621, ಗೋಡೆ 120. ನಾನೀಗ ಓಡಿಸ್ತಿರೋದು ಅದೇ. ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಬೆನ್ನಿಗೂ ತೊಂದರೆ ಇಲ್ಲ.

16 ಬೇಕೇ ಬೇಕು ಅಂದರೆ 195/55. ಒಟ್ಟು 621, ಗೋಡೆ 107. 205/55 ಬೇಡ. ಗೋಡೆ 113 ಬರುತ್ತದೆ ಅನ್ನೋದು ಖುಷಿಯೇ, ಆದರೆ ಒಟ್ಟು 632 ಆಗುತ್ತದೆ. ಮೊದಲಿಗಿಂತ 12 ಮಿ.ಮೀ. ಎತ್ತರ, 40 ಮಿ.ಮೀ. ಅಗಲ. ನಾಲ್ಕು ಜನ ಕೂತು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಡೆ ಉಜ್ಜುವ ಸಾಧ್ಯತೆ ಜಾಸ್ತಿ. 14ರ ಸ್ಟೆಪ್ನಿಗೂ ಅದಕ್ಕೂ ಹೊಂದಲ್ಲ. ಸೈಜಿನ ಪಕ್ಕ ಬರೆದಿರುವ ಲೋಡ್ ನಂಬರ್ 85ಕ್ಕಿಂತ ಕಡಿಮೆ ಇರಬಾರದು. 85 ಅಂದರೆ ಒಂದು ಟೈರ್ 515 ಕೆ.ಜಿ. ಹೊರುತ್ತದೆ.

ರಿಮ್ಮಿಗೆ ಪಿಸಿಡಿ 4x100, ಅಂದರೆ 100 ಮಿ.ಮೀ. ವ್ಯಾಸದ ಸುತ್ತಿನಲ್ಲಿ ನಾಲ್ಕು ಬೋಲ್ಟ್, ಸರಿ ಇದೆ ಅಂತ ಅಂಗಡಿಯವರು ಹೇಳ್ತಾರೆ. ನಡುವಿನ ತೂತಿನ ಬಗ್ಗೆ ನೀವೇ ಕೇಳಬೇಕು. ಸ್ವಿಫ್ಟ್‌ಗೆ ಬೇಕಾದದ್ದು 54.1 ಮಿ.ಮೀ. ಹೊರಗಿನ ರಿಮ್‌ಗಳಲ್ಲಿ ಎಲ್ಲ ಕಾರಿಗೂ ಆಗಲಿ ಅಂತ ದೊಡ್ಡ ತೂತು ಇಟ್ಟಿರುತ್ತಾರೆ. ನಡುವೆ ಸರಿಯಾದ ರಿಂಗ್ ಹಾಕಿಸಿ. ಇಲ್ಲದಿದ್ದರೆ ರಿಮ್ ನೆಟ್ಟಗೆ ಕೂರದೆ ಹೈವೇಯಲ್ಲಿ ಸ್ಟೀರಿಂಗ್ ನಡುಗಬಹುದು, ನೀವು ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸ್ತಾ ಇರ್ತೀರಿ. ಇನ್ಶೂರೆನ್ಸ್‌ನವರಿಗೂ ಹೇಳಿಬಿಡಿ.

ಅಡ್ವಾನ್ಸ್ ಮಾತ್ರ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ 15ಕ್ಕೆ ಬದಲಾಯಿಸಿಕೊಡಿ ಅನ್ನಿ. ಟೈರ್ ತಗೊಳ್ಳುವಾಗ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಿ. 3224 ಅಂತಿದ್ದರೆ 2024ರ 32ನೇ ವಾರ ತಯಾರಾದದ್ದು. ಹಳೇ ಮಾಲು ತೋರಿಸಿದರೆ ಬೇರೆ ತೆಗೆಸಿ.