ಗೋಣಿಯ ಲೆಕ್ಕ, ಕಾಣಿಕೆ ಡಬ್ಬಿಯ ಲೆಕ್ಕ

ಪ್ರಶ್ನೆ: ಪುತ್ತೂರು ಕಡೆಯ ಒಂದು ಅಡಿಕೆ ಅಂಗಡಿಯಲ್ಲಿ 11 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕ್ಯಾಥೊಲಿಕ್, ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರ, ಅಂದರೆ ಮುಂದಾಳು ಕೂಡ. ಖಾಲಿ ಗೋಣಿ 800 ಗ್ರಾಂ ತೂಗುತ್ತದೆ. ಚೀಟಿಯಲ್ಲಿ ಮಾತ್ರ ಗೋಣಿಯ ಬಾಬ್ತು ಒಂದೂವರೆ ಕಿಲೋ ಕಳೆಯಬೇಕು, ಧಣಿಗಳ ಮಾತು. ಅವರು ಕೆಟ್ಟವರಲ್ಲ, ಅಪ್ಪನ ಆಪರೇಷನ್‌ಗೆ ದುಡ್ಡು ಕೊಟ್ಟವರು. ಕ್ರಿಸ್ಮಸ್‌ಗೆ ಅವರು ಕೊಡುವ ಬೋನಸ್ಸನ್ನು ಹಾಗೇ ಕಾಣಿಕೆ ಡಬ್ಬಿಗೆ ಹಾಕುತ್ತೇನೆ. ಆದರೂ ಒಂದೇ ಗೋಣಿ ಅಡಿಕೆ ತರುವ ಅಜ್ಜಿಯೊಬ್ಬರು 'ತೂಕ ಸರಿ ಉಂಟಲ್ಲ ಮಗಾ?' ಎಂದು ಕೇಳಿದರೆ ತಲೆ ಎತ್ತಲು ಆಗುವುದಿಲ್ಲ. ಕೆಲಸ ಬಿಟ್ಟುಬಿಡಲೇ?

ಉತ್ತರ: ಇವತ್ತೇ ಬಿಡಬೇಡಿ. ಬಿಟ್ಟರೆ ನಿಮ್ಮ ಕುರ್ಚಿಗೆ ಇನ್ನೊಬ್ಬ ಬರುತ್ತಾನೆ, ಅದೇ ಒಂದೂವರೆ ಕಿಲೋ ಬರೆಯುತ್ತಾನೆ. ಅಜ್ಜಿಗೆ ಏನೂ ಸಿಗುವುದಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ, ನೀವು ಲೆಕ್ಕದವರು ತಾನೇ. ಗೋಣಿಗೆ 700 ಗ್ರಾಂ ಹೆಚ್ಚು ಕಳೆದಿರಿ. ಕಿಲೋಗೆ 400 ರೂಪಾಯಿ ಎಂದು ಹಿಡಿದರೂ 280 ರೂಪಾಯಿ ಆಯ್ತು. ತೂಕದ ಯಂತ್ರದಲ್ಲಿ ತಪ್ಪಿಲ್ಲ, ಅದಕ್ಕೆ ವರ್ಷವರ್ಷ ಇಲಾಖೆಯ ಮುದ್ರೆ ಬೀಳುತ್ತದೆ. ಸುಳ್ಳು ಇರುವುದು ಚೀಟಿಯಲ್ಲಿ. ಅಕ್ಷರ ನಿಮ್ಮದು.

ಇನ್ನು ಆ ಬೋನಸ್ಸು. ಬೇಜಾರು ಮಾಡಿಕೊಳ್ಳಬೇಡಿ, ನನಗೆ ಇಡೀ ಪತ್ರದಲ್ಲಿ ಚುಚ್ಚಿದ್ದು ಅದೇ. ಅಜ್ಜಿಯ 280 ರೂಪಾಯಿ ಚರ್ಚಿಗೆ ಹೋದರೆ ಅಜ್ಜಿಗೆ ಬಂದಂತಾಯಿತೇ? ಜಕ್ಕಾಯ ನೆನಪಿದ್ದಾನಲ್ವಾ, ಯೇಸುವನ್ನು ನೋಡಲು ಮರ ಹತ್ತಿದ ಗಿಡ್ಡ ಸುಂಕದವ? ಅವನು ಅರ್ಧ ಆಸ್ತಿಯನ್ನು ಬಡವರಿಗೆ ಕೊಟ್ಟು ಸುಮ್ಮನಾಗಲಿಲ್ಲ. ಯಾರಿಗೆ ಮೋಸ ಮಾಡಿದ್ದೇನೋ ಅವರಿಗೇ ನಾಲ್ಕರಷ್ಟು ಕೊಡುತ್ತೇನೆ ಎಂದ. ನಿಮ್ಮ ಸಭೆಯ ಬೋಧನೆಗಳ ಪುಸ್ತಕ ಕ್ಯಾಟೆಕಿಸಂ ಕೂಡ 2412ನೇ ಅಂಶದಲ್ಲಿ ಇದನ್ನೇ ಹೇಳುತ್ತದೆ, ಜಕ್ಕಾಯನ ಹೆಸರು ಹಿಡಿದೇ. ಕದ್ದದ್ದು ಕಳಕೊಂಡವರಿಗೆ ಮರಳಬೇಕು. ಕಳ್ಳತನಕ್ಕೆ ಕೈಜೋಡಿಸಿದವರು ತಮ್ಮ ಪಾಲಿನ ಹೊಣೆ ಮತ್ತು ಲಾಭಕ್ಕೆ ತಕ್ಕಷ್ಟು ಕೊಡಬೇಕು. ಹನ್ನೊಂದು ವರ್ಷದ ಅಷ್ಟೂ ಗೋಣಿಗಳ ಭಾರ ನಿಮ್ಮೊಬ್ಬರ ಹೆಗಲಿಗಲ್ಲ ಅನ್ನುವುದೂ ಅದರಲ್ಲೇ ಬಂತು. ನಿಮ್ಮ ಪಾಲೆಷ್ಟು ಎನ್ನುವುದನ್ನು ಪಾಪನಿವೇದನೆಯಲ್ಲಿ ಫಾದರ್ ಹತ್ತಿರ ಬಿಚ್ಚಿ ಮಾತಾಡಿ. ಈ ಸಲದ ಬೋನಸ್ಸು ಡಬ್ಬಿಗೆ ಬೇಡ.

ಧಣಿಗಳ ಹತ್ತಿರ ಮಾತಾಡಲೇಬೇಕು. ಗಿರಾಕಿಗಳ ಎದುರು ಬೇಡ. ಸಂಜೆ ಬಾಗಿಲು ಎಳೆಯುವ ಹೊತ್ತಿಗೆ, ಇಬ್ಬರೇ ಇರುವಾಗ. ಉಪದೇಶ ಮಾಡಬೇಡಿ, ಬೈಬಲ್ ತೆಗೆಯಬೇಡಿ. 'ಅಪ್ಪನ ವಿಷಯದಲ್ಲಿ ನಿಮ್ಮ ಋಣ ದೊಡ್ಡದು. ಆದರೆ ಈ ಒಂದೂವರೆ ಕಿಲೋ ಇನ್ನು ನನ್ನ ಕೈಯಲ್ಲಿ ಬರೆಯಲು ಆಗುವುದಿಲ್ಲ' ಅನ್ನಿ. ಎಲ್ಲರೂ ಹೀಗೇ ಮಾಡುವುದು ಎನ್ನುತ್ತಾರೆ, ಖಂಡಿತ. ಆಗ ವ್ಯಾಪಾರದ ಮಾತು ತೆಗೆಯಿರಿ. ನಿಮ್ಮ ಕಡೆಯ ಬೆಳೆಗಾರರಿಗೆ ನಿಮ್ಮದೊಂದೇ ಅಂಗಡಿಯಲ್ಲ, 1973ರಿಂದ ಅವರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇದೆ. ಗೋಣಿಯನ್ನು ಎದುರೇ ತೂಗುವ ಅಂಗಡಿ ಎಂಬ ಹೆಸರು ಬಂದರೆ ನಷ್ಟವೇನೂ ಇಲ್ಲ. ಉಪ್ಪು ತಿಂದ ಮನೆಗೆ ಇದು ಎರಡು ಬಗೆಯುವುದಲ್ಲ. ಅವರ ಮುಖಕ್ಕೇ ಹೇಳುತ್ತಿದ್ದೀರಿ, ಹಿಂದಿನಿಂದ ದೂರು ಕೊಡುತ್ತಿಲ್ಲ.

ಒಪ್ಪಲಿಲ್ಲವೋ, ಆಗ ಬೇರೆ ಕೆಲಸ ನೋಡಿ. ಮನೆಯಲ್ಲಿ ಹೆಂಡತಿಗೆ ಈಗಲೇ ಹೇಳಿಡಿ. ಸಂಬಳ ನಿಂತ ಮೇಲೆ ತಿಳಿಯುವುದು ಸರಿಯಲ್ಲ. ಗುರಿಕಾರಿಕೆ ಬಿಡಬೇಕೇ ಎಂದು ನೀವು ಕೇಳಿಲ್ಲ. ನಾನೂ ಅದಕ್ಕೆ ಕೈ ಹಾಕುವುದಿಲ್ಲ.

ಒಪ್ಪಿದರೆ, ಆ ಅಜ್ಜಿ ಮುಂದಿನ ಸಲ ಬಂದಾಗ ಅಡಿಕೆ ಸುರಿದು, ಖಾಲಿ ಗೋಣಿಯನ್ನು ಅವರೆದುರೇ ತೂಗಿ. ಅಂಕಿ ಕಾಣುವ ಹಾಗೆ ಯಂತ್ರವನ್ನು ಸ್ವಲ್ಪ ಅವರ ಕಡೆ ತಿರುಗಿಸಿ.