‘ಇದ್ದಾಗ ಕೊಡು’ ಅಂದಿದ್ದೇ ತಲೆನೋವಾಯ್ತು

ಗುರುತು ಸಿಗೋ ವಿವರ ಎಲ್ಲ ಬಿಟ್ಟು ಬರೆಯುತ್ತಿದ್ದೇನೆ. ದುಡ್ಡಿನ ವಿಷಯಕ್ಕೆ ಸಲಹೆ ಕೇಳಿ ನನ್ನ ಹತ್ತಿರ ಬಂದವರು ನಲವತ್ತು ದಾಟಿದ ಹೆಂಗಸು. ಅಡುಗೆಮನೆ, ಬಚ್ಚಲುಮನೆ ರಿಪೇರಿಗೆ ಅಣ್ಣನ ಹತ್ತಿರ ಸಾಲ ಮಾಡಿದ್ದರು. ಪತ್ರ ಇಲ್ಲ, ಬಡ್ಡಿ ಇಲ್ಲ, ಗಡುವೂ ಇಲ್ಲ. "ಇದ್ದಾಗ ಕೊಡು ಬಿಡು" ಅಂದಿದ್ದರಂತೆ ಅಣ್ಣ.

ಗೋಡೆ ಒಡೆದ ಮೇಲೆ ಒಳಗಿನ ಪೈಪು ತುಕ್ಕು ಹಿಡಿದಿದ್ದು ಕಂಡಿತು. ಹಳೇ ಮನೆಯಲ್ಲಿ ಇದು ಮಾಮೂಲು, ಅದಕ್ಕೇ ಅಂದಾಜಿನ ಮೇಲೆ ಇನ್ನೂ ಶೇ. 10ರಿಂದ 20 ಎತ್ತಿಟ್ಟುಕೊಳ್ಳಿ ಅನ್ನೋದು. ಇವರು ಇಟ್ಟಿರಲಿಲ್ಲ. ಮತ್ತೆ ಕೇಳಿದರು, ಅಣ್ಣ ಮತ್ತೆ ಕೊಟ್ಟರು. ಆದರೆ ಆಮೇಲೆ ಒಂದು ದಿನ ಮನೆಗೆ ಬಂದವರು ಹೊಸ ನಲ್ಲಿ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ, "ಚೆನ್ನಾಗಿದೆ, ಎಷ್ಟಾಯ್ತು?" ಅಂದರಂತೆ. "ಆಫರ್‌ನಲ್ಲಿ ಸಿಕ್ತು ಅಣ್ಣ ಅಂತ ಸುಳ್ಳು ಹೇಳಿದೆ ಮೇಡಂ. ಅದರ ಖಾಲಿ ಡಬ್ಬಾನ ಅಟ್ಟದ ಮೇಲೆ ಬಚ್ಚಿಟ್ಟಿದೀನಿ."

ಅಣ್ಣ ಸುಮ್ನೆ ಕೇಳಿರಬಹುದು, ಅಲ್ವಾ? ಆದರೆ ಯಾವಾಗ ವಾಪಸು ಅನ್ನೋದು ಗೊತ್ತಿಲ್ಲದಿದ್ದಾಗ ಕೊಟ್ಟವರ ಪ್ರತಿ ಮಾತೂ ತಗಾದೆಯ ಹಾಗೇ ಕೇಳಿಸುತ್ತದೆ.

ನಾನು ಹೇಳಿದ್ದು ಇಷ್ಟು. ಎರಡೂ ಸಲದ ದುಡ್ಡು ಕೂಡಿಸಿ ಒಂದು ಹಾಳೆಯಲ್ಲಿ ಬರೆಯಿರಿ. ತಿಂಗಳಿಗೆ ಇಷ್ಟು, ಇಂಥ ತಾರೀಕು. ಕಂತು ಚಿಕ್ಕದಿದ್ದರೂ ಪರವಾಗಿಲ್ಲ, ತಪ್ಪದಂತಿರಲಿ. ಕೈಯಲ್ಲಿ ಕೊಡಬೇಡಿ, ಖಾತೆಗೆ ಹಾಕಿ, ಲೆಕ್ಕ ತಾನೇ ಉಳಿಯುತ್ತದೆ. ಒಂದು ತಿಂಗಳು ಆಗದಿದ್ದರೆ ಮೊದಲೇ ಫೋನ್ ಮಾಡಿ ಹೇಳಬೇಕು ಅನ್ನೋದನ್ನೂ ಬರೆಯಿರಿ. ಇದು ಸಾಲವೇ, ಉಡುಗೊರೆಯೇ, ಇಲ್ಲಾ ಮನೆಯಲ್ಲಿ ಪಾಲು ಅಂತ ಅಣ್ಣನ ಮನಸ್ಸಲ್ಲಿದೆಯೇ, ಬಾಯಿಬಿಟ್ಟು ಕೇಳಿ. ಇಬ್ಬರ ಸಹಿ, ಇಬ್ಬರ ಹತ್ತಿರವೂ ಒಂದೊಂದು ಪ್ರತಿ. ನಾಳೆ ಯಾರಿಗಾದರೂ ಹೆಚ್ಚುಕಡಿಮೆ ಆದರೆ ಮಕ್ಕಳು ಜಗಳ ಆಡೋದು ಬೇಡ. ಉಳಿದ ಕಪಾಟಿನ ಕೆಲಸ ಸದ್ಯಕ್ಕೆ ನಿಲ್ಲಿಸಿ.

"ಪತ್ರ ಅಂದರೆ ಅಣ್ಣನ ಮೇಲೆ ನಂಬಿಕೆ ಇಲ್ಲ ಅಂದ್ಕೊಳ್ಳಲ್ವಾ?" ಅಂದರು. ಕೊಟ್ಟವರು ಪತ್ರ ಕೇಳಿದರೆ ಅನುಮಾನದ ಹಾಗೆ ಕಾಣಬಹುದು, ತಗೊಂಡವರೇ ಬರೆದುಕೊಂಡು ಹೋದರೆ ಅದು ಮರ್ಯಾದೆ ಅಂದೆ.

ಮೂರು ವಾರ ಬಿಟ್ಟು ಮತ್ತೆ ಬಂದರು. ಹಾಳೆ ನೋಡಿದ ಅಣ್ಣ ಮೊದಲು ಮಾಡಿದ್ದು ಮೊತ್ತ ತಿದ್ದಿದ್ದು, ಹಾಳೆಯಲ್ಲಿ ಬರೆದಿದ್ದಕ್ಕಿಂತ ಅವರ ಲೆಕ್ಕದಲ್ಲಿ ಕಡಿಮೆ ಇತ್ತಂತೆ! ಕೂತು ಪಾಸ್‌ಬುಕ್ ನೋಡಿ ಸರಿ ಮಾಡಿಕೊಂಡರು. ಎರಡನೇ ಸಲ ಕೊಟ್ಟ ವಿಷಯ ಅತ್ತಿಗೆಗೆ ಗೊತ್ತೇ ಇರಲಿಲ್ಲ ಅನ್ನೋದೂ ಆವತ್ತೇ ಹೊರಗೆ ಬಂತು. ಅದನ್ನ ನೀವು ಹೇಳಬೇಡಿ, ಅಣ್ಣನೇ ಹೇಳಲಿ ಅಂದಿದ್ದೇನೆ.